ಗಲಗಲಿಯ ಒಂಟೆಗಳು, ನನ್ನ ಹದಿನೈದು ಕಿಲೋ

"ಸಫಾರಿಗೆ ಹೊಂಟೀನಿ" ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದ ಮೊದಲ ಪ್ರಶ್ನೆ, "ಒಂದ ಸಫಾರಿ ಹೊಲಸಾಕ ಅಷ್ಟ ದೂರ ಯಾಕ ಹೋಗತಿ?" ಎಂಬುದು. ಅವಳದು ತಮಾಷೆಯಲ್ಲ. ಸಾರವಾಡದಲ್ಲಿ ಸಫಾರಿ ಎಂದರೆ ಬಟ್ಟೆ. ನಾಲ್ಕು ಕಿಸೆಯ ಅರ್ಧ ತೋಳಿನ ಅಂಗಿ, ಅದೇ ಬಣ್ಣದ ಪ್ಯಾಂಟು. ಹಿಂದೆ ಸಾಲಿ ಮಾಸ್ತರರು, ಗ್ರಾಮಸೇವಕರು, ಸೊಸೈಟಿಯ ಸೆಕ್ರೆಟರಿ ಎಲ್ಲರೂ ತೊಡುತ್ತಿದ್ದರು. ನಮ್ಮಪ್ಪನ ಮದುವೆಯಲ್ಲಿ ಬೀಗರಿಂದ ಬಂದ ಕಂದು ಬಣ್ಣದ ಸಫಾರಿ ಇನ್ನೂ ಟ್ರಂಕಿನಲ್ಲಿದೆ.

ಪದದ ಪ್ರಯಾಣ ನೋಡಿದರೆ ಅವ್ವನ ತಪ್ಪೇನೂ ಇಲ್ಲ. ಅರಬ್ಬಿಯ 'ಸಫರ್' ಎಂದರೆ ಪ್ರಯಾಣ. ಪೂರ್ವ ಆಫ್ರಿಕದ ಸ್ವಾಹಿಲಿಗೆ ಹೋಗಿ ಅದು 'ಸಫಾರಿ' ಆಯಿತು. ಅಲ್ಲಿ ಈಗಲೂ ಸಂತೆಗೆ ಹೋದರೂ ಸಫಾರಿಯೇ, ಅತ್ತೆಮನೆಗೆ ಹೋದರೂ ಸಫಾರಿಯೇ. ಆ ಪದವನ್ನು ಬೇಟೆಗೆ ಅಂಟಿಸಿದವರು ಇಂಗ್ಲಿಷರು. ಬೇಟೆಗಾರರ ಅಂಗಿ ಸೂಟಾಗಿ ನಮ್ಮ ದರ್ಜಿಯ ಅಂಗಡಿಗೆ ಬಂತು. ಅತ್ತ ಅದೇ 'ಸಫರ್' ಪಾರಸಿಯ ಮೂಲಕ ಆದಿಲಶಾಹಿಗಳ ಊರಿಗೂ ಬಂದಿತ್ತು. ನಮ್ಮ ಓಣಿಯ ದಖನಿ ಮಾತಿನಲ್ಲಿ ಅದು ದಿನಬಳಕೆಯ ಪದ. ಹೀಗೆ ಅಣ್ಣತಮ್ಮಂದಿರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಓಣಿಯಲ್ಲಿ ಪರಿಚಯವಿಲ್ಲದೆ ಇದ್ದಾರೆ.

ನನ್ನ ಪಿಎಚ್‌ಡಿ ವಿಷಯ, ಹದಿನೇಳನೆಯ ಶತಮಾನದ ಕೊನೆಗೆ ದಖನಿನಲ್ಲಿ ಸರಕು-ಸಾಮಾನು ಹೇಗೆ ಸಾಗುತ್ತಿತ್ತು ಎಂಬುದು. ಎತ್ತು, ಒಂಟೆ, ಕತ್ತೆ, ಮನುಷ್ಯರ ತಲೆ. ಇದೇ ಕಾರಣಕ್ಕೆ ನೈರೋಬಿಯಲ್ಲಿ ನಾಲ್ಕು ದಿನಗಳ ಒಂದು ಕಮ್ಮಟಕ್ಕೆ ಕರೆ ಬಂದಿತ್ತು: ಕಾರವಾನುಗಳ ಚರಿತ್ರೆ ಬರೆಯುವ ನನ್ನಂಥ ಹತ್ತಾರು ಜನ. ಕೊನೆಗೆ ಮೂರು ದಿನ ಮಸಾಯ್ ಮಾರಾದ ಕಾಡು, ಅದೂ ಸಣ್ಣ ವಿಮಾನದಲ್ಲಿ. ಪತ್ರದ ಜೊತೆಗೆ ಒಂದು ಪುಟದ ನಿಯಮ. ತಲೆಗೆ 15 ಕಿಲೋ. ಕೈಚೀಲ, ಕ್ಯಾಮರಾ, ಪುಸ್ತಕ ಎಲ್ಲ ಸೇರಿ 15. ಮೆತ್ತನೆಯ ಚೀಲವೇ ಆಗಬೇಕು. ಗಾಲಿಯ ಗಟ್ಟಿ ಪೆಟ್ಟಿಗೆ ನಡೆಯದು.

"ಹದಿನೈದ ಕಿಲೋದಾಗ ಏನ ಬರತೈತಿ? ರೊಟ್ಟಿ ಕಟ್ಟಿದ್ರ ಮುಗೀತು" ಎಂದಳು ಅವ್ವ.

ಹೊರಡುವ ಮೊದಲು ನಾಲ್ಕು ದಿನ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಚೀಲ, ಪಕ್ಕದ ಕಿರಾಣಿ ಅಂಗಡಿಯಿಂದ ತಂದ ಕೊಕ್ಕೆಯ ತೂಕದ ಕಾಟಾ. ಈ ತೂಗಾಟದಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ನಮ್ಮ ಕಡೆಯ ವಿಮಾನಗಳು ಒಳಗೆ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಬಿಡುತ್ತವೆ. ಕೆಳಗೆ ಹಾಕುವ ಚೀಲಕ್ಕೆ ದೊಡ್ಡ ವಿಮಾನ ಎಷ್ಟೇ ಧಾರಾಳವಾಗಿರಲಿ, ಕೊನೆಯ ಸಣ್ಣ ವಿಮಾನದ ಲೆಕ್ಕವೇ ಇಡೀ ಪ್ರಯಾಣದ ಲೆಕ್ಕ. ಪವರ್ ಬ್ಯಾಂಕು, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡು ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಬೇಕು. ಇಲ್ಲವಾದರೆ ಮರಳಿ ಬಂದಾಗ ನಮ್ಮ ದೇಶದಲ್ಲೇ 6 ದಿನದವರೆಗೆ ಪ್ರತ್ಯೇಕ ಕೂಡಿಸುತ್ತಾರೆ. ಕಡು ನೀಲಿ, ಕರಿ ಬಟ್ಟೆ ಬೇಡ, ಅದು ತ್ಸೆತ್ಸೆ ನೊಣಗಳಿಗೆ ಪ್ರಿಯ. ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಇದನ್ನು ಹೇಳಿದಾಗ ಅವ್ವ ಕ್ಯಾರಿಬ್ಯಾಗಿನಿಂದ ಖಡಕ್ ರೊಟ್ಟಿ ಹೊರತೆಗೆದು ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದಳು. ಆ ಕಟ್ಟನ್ನು ಕಾಟಾಕ್ಕೆ ಹಾಕಿದೆ. 18 ಸಜ್ಜೆ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಅಗಸಿ ಹಿಂಡಿ, ಎಲ್ಲ ಸೇರಿ ಒಂದೂಕಾಲು ಕಿಲೋ. ನೀರಿನ ಅಂಶವೇ ಇಲ್ಲದ, ತಿಂಗಳಾದರೂ ಕೆಡದ ಈ ರೊಟ್ಟಿಯಷ್ಟು ಯೋಚಿಸಿ ಮಾಡಿದ ಪ್ರಯಾಣದ ವಸ್ತು ಬೇರೊಂದಿಲ್ಲ ಎಂದು ನನಗೆ ಆ ದಿನ ಅನ್ನಿಸಿತು. ಶ್ರೀಶೈಲಕ್ಕೆ ನಡೆದು ಹೋಗುವವರು ಸುಮ್ಮನೆ ಅದನ್ನು ನಂಬಿಲ್ಲ.

ಆದರೆ ಕಾಟಾದ ಮುಂದೆ ಕುಳಿತಾಗ ನನ್ನ ತಲೆಯಲ್ಲಿದ್ದದ್ದು ಗಲಗಲಿ.

ಸಾರವಾಡದಿಂದ ಬಬಲೇಶ್ವರ ದಾಟಿ ಕೃಷ್ಣೆಯ ಕಡೆಗೆ ಇಳಿದರೆ ಗಲಗಲಿ ಸಿಗುತ್ತದೆ. ಈಗ ಅದು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿದೆ. 1686ರ ಸೆಪ್ಟೆಂಬರಿನಲ್ಲಿ ವಿಜಯಪುರವನ್ನು ಗೆದ್ದ ಮೇಲೂ ಔರಂಗಜೇಬ ದಿಲ್ಲಿಗೆ ಮರಳಲಿಲ್ಲ. 1690ರ ದಶಕದ ಮೊದಲ ವರ್ಷಗಳಲ್ಲಿ ಅವನ ಪಾಳೆಯ ಬಹುಕಾಲ ಗಲಗಲಿಯಲ್ಲಿತ್ತು. ಅಂದರೆ ಇಡೀ ಹಿಂದುಸ್ತಾನದ ರಾಜಧಾನಿ ನಮ್ಮೂರಿನಿಂದ ಒಂದೆರಡು ದಿನದ ನಡಿಗೆಯ ದೂರದಲ್ಲಿ, ಡೇರೆಗಳಲ್ಲಿ, ಇತ್ತು. ಈ ಮಾತನ್ನು ಊರ ಕಟ್ಟೆಯ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

1695ರ ಮಾರ್ಚಿನಲ್ಲಿ ಆ ಪಾಳೆಯಕ್ಕೆ ಒಬ್ಬ ಪ್ರವಾಸಿ ಬಂದ. ಹೆಸರು ಜೋವಾನ್ನಿ ಫ್ರಾಂಚೆಸ್ಕೊ ಜೆಮೆಲ್ಲಿ ಕರೇರಿ. ಇಟಲಿಯ ಕಲಾಬ್ರಿಯದವನು, ವಕೀಲ. 1693ರಲ್ಲಿ ನೇಪಲ್ಸ್ ಬಿಟ್ಟು ತುರ್ಕಿ, ಪರ್ಷಿಯಾ ನೋಡಿ ಇಲ್ಲಿಗೆ ಬಂದಿದ್ದ. ಮುಂದೆ ಚೀನಾ, ಫಿಲಿಪೈನ್ಸ್, ಮೆಕ್ಸಿಕೊ ಸುತ್ತಿ 1698ರಲ್ಲಿ ಮನೆ ಸೇರಿದ. ಯಾವ ರಾಜನ ರಾಯಭಾರಿಯೂ ಅಲ್ಲ, ಕಂಪನಿಯ ಗುಮಾಸ್ತನೂ ಅಲ್ಲ, ಪಾದ್ರಿಯೂ ಅಲ್ಲ. ಸಿಕ್ಕ ಹಡಗು ಹತ್ತಿ, ಸಿಕ್ಕ ಬಾಡಿಗೆ ಎತ್ತು ಏರಿ ಹೋದವನು. ದಾರಿ ಖರ್ಚಿಗೆ ಅವನದೊಂದು ಉಪಾಯವಿತ್ತು. ಒಂದು ಬಂದರಿನಲ್ಲಿ ಅಗ್ಗವಾಗಿ ಸಿಗುವುದನ್ನು ಸ್ವಲ್ಪ ಕೊಂಡು ಮುಂದಿನ ಬಂದರಿನಲ್ಲಿ ಮಾರುವುದು. ಎಲ್ಲಿ ಏನು ಕೊಳ್ಳಬೇಕೆಂದು ತನ್ನ ಪುಸ್ತಕದಲ್ಲಿ ಓದುಗರಿಗೂ ಸಲಹೆ ಕೊಡುತ್ತಾನೆ. ಚೀಲದಲ್ಲಿ ಇರುವ ಪ್ರತಿ ವಸ್ತುವೂ ತನ್ನ ಬಾಡಿಗೆಯನ್ನು ತಾನೇ ದುಡಿಯಬೇಕು ಎಂಬ ಲೆಕ್ಕ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ.

ಗೋವೆಯಿಂದ ಅವನು ಗಲಗಲಿಗೆ ಹೊರಟದ್ದು ಸಾಮಾನು ಹೊರಲು ಆಳು, ಮಾತು ತಿಳಿಸಲು ದುಭಾಷಿ, ಇಷ್ಟನ್ನೇ ನೆಚ್ಚಿಕೊಂಡು. ಘಟ್ಟ ಏರಿ, ನಮ್ಮ ಎರೆನೆಲ ದಾಟಿ ಬಂದು ಅವನು ಕಂಡದ್ದು ಸುತ್ತಳತೆಯಲ್ಲಿ 30 ಮೈಲಿಯ ಪಾಳೆಯವನ್ನು. 60,000 ಕುದುರೆ ಸವಾರರು, 1,00,000 ಕಾಲಾಳುಗಳು, ಸಾಮಾನು ಹೊರಲು 50,000 ಒಂಟೆ, 3,000 ಆನೆ ಎಂದು ಅಲ್ಲಿಯವರು ತನಗೆ ಹೇಳಿದರೆಂದು ಬರೆಯುತ್ತಾನೆ. ದುಂಡು ಸಂಖ್ಯೆಗಳನ್ನು ಕಂಡರೆ ಚರಿತ್ರೆಯ ವಿದ್ಯಾರ್ಥಿ ಹುಬ್ಬು ಏರಿಸಬೇಕು, ನಾನೂ ಏರಿಸಿದ್ದೇನೆ. ಆದರೂ ಪ್ರತಿ ಒಂಟೆಗೆ ಎರಡು ಕ್ವಿಂಟಲ್ ಹಿಡಿದರೆ 1 ಲಕ್ಷ ಕ್ವಿಂಟಲ್ ಆಗುತ್ತದೆ. ಅರ್ಧ ಸುಳ್ಳೆಂದರೂ 50,000 ಕ್ವಿಂಟಲ್. ಆ ಒಂಟೆಗಳಿಗೆ ಮೇವು, ಮೇವು ತರುವವರಿಗೆ ಊಟ, ಊಟ ಮಾರುವವರಿಗೆ ಬಜಾರು. ಹೊರೆಯನ್ನು ಹೊರಲು ಮತ್ತೊಂದು ಹೊರೆ.

ಕರೇರಿಗೆ ಬಾದಶಹನ ದರ್ಶನವೂ ಆಯಿತು. ಕುಳ್ಳ, ತೆಳ್ಳ, ದೊಡ್ಡ ಮೂಗು, ವಯಸ್ಸಿಗೆ ಬಾಗಿದ ಬೆನ್ನು, ಬಿಳಿ ಗಡ್ಡ, ಕೈಯಲ್ಲಿ ಕೋಲು. ಆಗ ಔರಂಗಜೇಬನಿಗೆ 76. ಸ್ವಂತಕ್ಕೆ ಬಹಳ ಸರಳ ಮನುಷ್ಯ ಎನ್ನುತ್ತವೆ ಎಲ್ಲ ದಾಖಲೆಗಳು. ಅವನ ಒಂದು ದೇಹಕ್ಕೆ ಬೇಕಾದದ್ದು ನನ್ನ 15 ಕಿಲೋಕ್ಕಿಂತ ಕಡಿಮೆಯೇ ಇದ್ದಿರಬಹುದು. ಬಾದಶಾಹಿಯ ತೂಕ ಬೇರೆ. ಮೂವತ್ತು ವರ್ಷ ಹಿಂದೆ, ಕಾಶ್ಮೀರದ ಯಾತ್ರೆಯಲ್ಲಿ, ಅದೇ ಬಾದಶಹನ ಜೊತೆಗಿದ್ದ ಫ್ರೆಂಚ್ ವೈದ್ಯ ಬರ್ನಿಯೆ ಆ ತೂಕವನ್ನು ಎಣಿಸಿಟ್ಟಿದ್ದಾನೆ. ಬಾದಶಹನ ಡೇರೆಗಳು ಎರಡು ಜೊತೆ. ಒಂದರಲ್ಲಿ ಅವನಿರುವಾಗ ಇನ್ನೊಂದು ಮುಂದಿನ ತಾಣಕ್ಕೆ ಹೋಗಿರುತ್ತದೆ. ಅದಕ್ಕೆ ಪೇಶ್‌ಖಾನಾ ಎಂದು ಹೆಸರು. ಒಂದೊಂದು ಜೊತೆಯನ್ನು ಸಾಗಿಸಲು 60ಕ್ಕೂ ಹೆಚ್ಚು ಆನೆ, 200 ಒಂಟೆ, 100 ಹೇಸರಗತ್ತೆ, 100 ಹಮಾಲರು.

ಇದರಿಂದ ಏನಾಯಿತು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಕರೇರಿ ಬಂದು ಹೋದ ಅದೇ 1695ರ ನವೆಂಬರಿನಲ್ಲಿ, ಈಗಿನ ಚಳ್ಳಕೆರೆ ತಾಲೂಕಿನ ದೊಡ್ಡೇರಿಯಲ್ಲಿ, ಒಂದು ಇಡೀ ಮೊಗಲ್ ಸೈನ್ಯ ತನ್ನ ಸಾಮಾನಿನಿಂದಾಗಿಯೇ ಸಿಕ್ಕಿಬಿತ್ತು. ಮರಾಠರ ಸಂತಾಜಿ ಘೋರ್ಪಡೆಯನ್ನು ತಡೆಯಲು ಕಾಸಿಂ ಖಾನ ಹೊರಟಿದ್ದ. ಅವನ ನೆರವಿಗೆ ಬಾದಶಹನ ಪಾಳೆಯದಿಂದ ದೊಡ್ಡ ಮನೆತನದ ಸರದಾರರು ಬಂದರು. ಬಂದವರು ದೊಡ್ಡವರು, ಸತ್ಕಾರ ಆಗಬೇಕು. ಕಾಸಿಂ ಖಾನ ಆದವಾನಿ ಕೋಟೆಯಲ್ಲಿಟ್ಟಿದ್ದ ಒಳ್ಳೊಳ್ಳೆಯ ಡೇರೆಗಳನ್ನು, ಬಂಗಾರ ಬೆಳ್ಳಿಯ ತಟ್ಟೆಗಳನ್ನು, ಚೀನೀ ಪಿಂಗಾಣಿಯನ್ನು ತರಿಸಿದ. ಪದ್ಧತಿಯಂತೆ ಡೇರೆಗಳನ್ನು ಸುಮಾರು ಆರು ಮೈಲಿ ಮುಂದೆ ಕಳಿಸಿದ. ಸಂತಾಜಿ ಮೊದಲು ಕೈಯಿಟ್ಟದ್ದು ಆ ಡೇರೆಗಳ ಮೇಲೆ. ಖಾನ ಅದನ್ನು ಬಿಡಿಸಲು ಧಾವಿಸಿದಾಗ ಇನ್ನೊಂದು ದಳ ಹಿಂದಿನ ಪಾಳೆಯವನ್ನು ಸೂರೆಮಾಡಿತು. ನಡುವೆ ಸಿಕ್ಕ ಸೈನ್ಯ ದೊಡ್ಡೇರಿಯ ಸಣ್ಣ ಕೋಟೆಗೆ ನುಗ್ಗಿ ಉಪವಾಸ ಬಿತ್ತು. ಕಾಸಿಂ ಖಾನ ಅಲ್ಲೇ ಸತ್ತ. ಅಫೀಮು ಸಿಗದೆ ಎಂದು ಕೆಲವರು, ವಿಷ ಕುಡಿದು ಎಂದು ಕೆಲವರು. ಉಳಿದವರು ಆನೆ, ಕುದುರೆ, ಸಾಮಾನು ಎಲ್ಲ ಒಪ್ಪಿಸಿ, ಮೇಲೆ 20 ಲಕ್ಷ ರೂಪಾಯಿ ಒಪ್ಪಿಕೊಂಡು ಹೊರಬಂದರು.

ಮರಾಠರ ಸವಾರರು ಹಗುರವಾಗಿದ್ದರು, ಅದಕ್ಕೇ ಗೆದ್ದರು ಎಂದು ಇಲ್ಲಿ ನಿಲ್ಲಿಸಬಹುದಿತ್ತು. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಹಾಗೇ ನಿಲ್ಲಿಸಿದ್ದೆ. ಮಾರ್ಗದರ್ಶಕರು ಅಂಚಿನಲ್ಲಿ ಬರೆದದ್ದು ಒಂದೇ ಸಾಲು: ಹೊತ್ತವರು ಎಲ್ಲಿ?

ನಮ್ಮ ಹಳೆಯ ಶಾಸನಗಳಲ್ಲಿ ತೂಕಕ್ಕೂ ಹೊರುವವರಿಗೂ ಒಂದೇ ಹೆಸರು. ಐಹೊಳೆಯ ಐನೂರ್ವರ ಕಾಲದಿಂದ ಸುಂಕವನ್ನೂ ದಾನವನ್ನೂ ಹೇರಿಗಿಷ್ಟು, ಹೊರೆಗಿಷ್ಟು ಎಂದು ಗೊತ್ತುಮಾಡುತ್ತಿದ್ದರು. ಹೇರು ಎತ್ತಿನ ಬೆನ್ನಿನದು, ಹೊರೆ ಮನುಷ್ಯರ ತಲೆಯದು. ಬೆನ್ನಿನ ಶಕ್ತಿಯೇ ಅಳತೆ. ಆ ಶಾಸನಗಳಲ್ಲೇ ಇನ್ನೊಂದು ಪದವೂ ಬರುತ್ತದೆ: ಬಿಟ್ಟಿ. ಸಂಸ್ಕೃತದ 'ವಿಷ್ಟಿ'ಯ ತದ್ಭವ, ಕೂಲಿಯಿಲ್ಲದ ಕಡ್ಡಾಯ ದುಡಿಮೆ. ಇಂದು ನಾವು 'ಬಿಟ್ಟಿ ಸಿಕ್ಕಿತು' ಎಂದು ಖುಷಿಪಡುವಾಗ ಅದೇ ಪದವನ್ನು ತಲೆಕೆಳಗಾಗಿ ಹಿಡಿದಿರುತ್ತೇವೆ. ಪಡೆದವನಿಗೆ ಪುಕ್ಕಟೆ ಎಂಬ ಅರ್ಥ ಉಳಿಯಿತು. ಕೊಟ್ಟವನ ಅರ್ಥ ಅಳಿಯಿತು.

ಉತ್ತರದ ಭಾಷೆಗಳಲ್ಲಿ ಇದಕ್ಕೆ ಬೇಗಾರ್. ಕೊಂಕಣ ಕರಾವಳಿಯ ಪೋರ್ಚುಗೀಜರು ಅದನ್ನು ಎತ್ತಿಕೊಂಡು ಸಾಮಾನು ಹೊರುವವರನ್ನೆಲ್ಲ ಬೇಗಾರಿನ್ ಎಂದರು. 1670ರ ದಶಕದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಯಲ್ಲಿದ್ದ ವೈದ್ಯ ಜಾನ್ ಫ್ರೈಯರ್ ಗೋಕರ್ಣಕ್ಕೆ ಹೋಗುತ್ತಾನೆ. ತಾನೊಬ್ಬ, ಕೋಠಿಯ ಇನ್ನೊಬ್ಬ, ನಾಲ್ಕು ಜನ ಪ್ಯೂನರು, ಮತ್ತೆ ಕೇವಲ ಇಬ್ಬರು ಬೇಗಾರಿನ್‌ಗಳು ಎಂದು ಬರೆಯುತ್ತಾನೆ. ಆ 'ಕೇವಲ'ದ ಮೇಲೆ ನಾನು ಬಹಳ ಹೊತ್ತು ಕುಳಿತಿದ್ದೇನೆ. ತಾನು ಎಷ್ಟು ಹಗುರವಾಗಿ ಹೊರಟೆ ಎಂದು ಹೇಳಿಕೊಳ್ಳುತ್ತಿದ್ದಾನೆ ಫ್ರೈಯರ್. ಆ ಇಬ್ಬರ ತಲೆಯ ಮೇಲೆ ಎಷ್ಟಿತ್ತು ಎಂಬುದು ಆ ಸಾಲಿನಲ್ಲಿ ಇಲ್ಲ. ಹಗುರ ಪ್ರಯಾಣ ಎಂದು ಪ್ರಯಾಣಿಕ ಬರೆದ ಕಡೆಯಲ್ಲೆಲ್ಲ ಈಗ ನಾನು ಮೊದಲು ಹುಡುಕುವುದು ಕೂಲಿಯ ಲೆಕ್ಕವನ್ನು. ಕರೇರಿಯನ್ನೂ ಬಿಟ್ಟಿಲ್ಲ.

ಪಡಸಾಲೆಯಲ್ಲಿ ನಾನು ತೂಗುತ್ತ ಕುಳಿತಿದ್ದಾಗ ಆಯಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ನಮ್ಮದೂ ವತನದ ಮನೆಯೇ. ಗೌಡಕಿಯದಲ್ಲ, ಕುಲಕರ್ಣಿಕಿಯದಲ್ಲ, ಅವುಗಳ ಕೆಳಗಿನ, ಊರ ಚಾಕರಿಯ ವತನ. ಮುಂಬಯಿ ಇಲಾಖೆಯ ಕಾನೂನಿನಲ್ಲಿ ಇಂಥ ಮನೆಗಳಿಗೆ ಒಂದು ತುಂಡು ಇನಾಮು ಭೂಮಿ ಇರುತ್ತಿತ್ತು. ಅದಕ್ಕೆ ಬದಲಾಗಿ ಸರಕಾರದವರು ಬಂದರೆ ದಾರಿ ತೋರಿಸಬೇಕು, ಸಾಮಾನು ಹೊರಬೇಕು, ಮುಂದಿನ ಊರಿನ ಗಡಿಯವರೆಗೆ ಮುಟ್ಟಿಸಬೇಕು. 1874ರ ವತನ ಕಾಯ್ದೆಯನ್ನು ತಿದ್ದಬೇಕೆಂದು ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದದ್ದು 1928ರಲ್ಲಿ. ವಿಜಯಪುರ ಆಗ ಮುಂಬಯಿ ಇಲಾಖೆಯಲ್ಲಿತ್ತು. ಸಂವಿಧಾನದ 23ನೆಯ ವಿಧಿ ಬೇಗಾರವನ್ನು ಅದೇ ಹೆಸರು ಹಿಡಿದು ನಿಷೇಧಿಸುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ ಆದದ್ದು 1961ರಲ್ಲಿ. ಇವೆಲ್ಲ ನನಗೆ ಪುಸ್ತಕದಿಂದ ಗೊತ್ತು. ಆಯಿ ಹೇಳಿದ್ದು ಬೇರೆ.

"ನಮ್ಮ ಮಾವ ಡೇರೆ ಗೂಟದ ಚೀಲ ಹೊರತಿದ್ದ. ಡೋಣಿ ತುಂಬಿದ್ರೂ ಆ ಚೀಲಾ ತೋಯಿಸಂಗಿರಲಿಲ್ಲ. ತಾ ತೊಯ್ದರ ನಡೀತಿತ್ತು."

"ಎಷ್ಟ ಭಾರ ಇರತಿತ್ತು?"

"ಯಾರ ತೂಗಿದ್ರು?"

ಡೋಣಿ ತುಂಬುವುದೆಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಈಗಲೂ ಜೋರು ಮಳೆಯಾದರೆ ಸಾರವಾಡದ ಸೇತುವೆಯ ಮೇಲೆ ನೀರು ಹರಿದು ಬಸ್ಸು ನಿಲ್ಲುತ್ತದೆ. ಎರೆಮಣ್ಣು ಒಂದೊಂದು ಕಾಲಿಗೆ ಒಂದೊಂದು ಕಿಲೋ ಅಂಟುತ್ತದೆ. ಅದನ್ನು ಯಾವ ಕಾಟಾದಲ್ಲೂ ಲೆಕ್ಕ ಹಿಡಿದಿಲ್ಲ.

ಆ ರಾತ್ರಿ ನನ್ನ ಚೀಲದಿಂದ ಎರಡು ದಪ್ಪ ಪುಸ್ತಕ, ಒಂದು ಜೊತೆ ಬೂಟು ಹೊರಬಿದ್ದವು. ಹಿಂಡಿ ಉಳಿಯಿತು.

ನೈರೋಬಿಯ ಕಮ್ಮಟದಲ್ಲಿ ತಿಳಿದದ್ದು, ಅವರ ಹೊರೆಗೆ ಒಂದು ಅಂಕಿ ಇತ್ತು ಎಂದು. ಆಫ್ರಿಕದ ಆ ಭಾಗದಲ್ಲಿ ತ್ಸೆತ್ಸೆ ನೊಣದ ರೋಗಕ್ಕೆ ಎತ್ತು, ಕುದುರೆ ಬದುಕುತ್ತಿರಲಿಲ್ಲ. ದಂತದಿಂದ ಹಿಡಿದು ಬಟ್ಟೆಯವರೆಗೆ ಎಲ್ಲವೂ ಮನುಷ್ಯರ ತಲೆಯ ಮೇಲೆ. ಬಿಳಿಯರ ಬೇಟೆಯ ಕಾಲಕ್ಕೆ ಒಬ್ಬನ ಹೊರೆ ಸುಮಾರು 60 ಪೌಂಡು ಎಂದು ಗೊತ್ತಾಗಿಹೋಗಿತ್ತು. ನಮ್ಮ ಲೆಕ್ಕದಲ್ಲಿ 27 ಕಿಲೋ. ಪೆಟ್ಟಿಗೆಗಳನ್ನು ತಯಾರಿಸುವಾಗಲೇ ಈ ಲೆಕ್ಕ. ಅಮೆರಿಕದ ಅಧ್ಯಕ್ಷನಾಗಿ ಇಳಿದ ಕೂಡಲೇ, 1909ರಲ್ಲಿ, ಥಿಯೊಡೋರ್ ರೂಸ್ವೆಲ್ಟ್ ಬೇಟೆಗೆ ಬಂದಾಗ ಇನ್ನೂರಕ್ಕೂ ಹೆಚ್ಚು ಹಮಾಲರಿದ್ದರು. ಪ್ರಾಣಿಗಳ ಚರ್ಮ ಕೆಡದಿರಲು ನಾಲ್ಕು ಟನ್ ಉಪ್ಪು. ಜೊತೆಗೆ ಹಂದಿಚರ್ಮದ ರಟ್ಟು ಕಟ್ಟಿಸಿದ ಐವತ್ತು-ಅರವತ್ತು ಪುಸ್ತಕಗಳ ಒಂದು ಗ್ರಂಥಾಲಯ, ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಸೇರಿ 60 ಪೌಂಡಿಗೆ ತುಸು ಕಡಿಮೆ, ಸರಿಯಾಗಿ ಒಬ್ಬನ ಹೊರೆ. ಇಲ್ಲಿ ಮಿತಿ ಇತ್ತು, ಕೂಲಿಯೂ ಇತ್ತು. ಮೊದಲ ಮಹಾಯುದ್ಧ ಬಂದಾಗ ಅದೇ ಜನರನ್ನು ಸೈನ್ಯದ ಸಾಮಾನಿಗೆ ಒತ್ತಾಯದಿಂದ ಎಳೆದೊಯ್ದರು. ರೋಗಕ್ಕೆ, ಹಸಿವಿಗೆ ಹತ್ತಾರು ಸಾವಿರ ಜನ ಸತ್ತರು. ಆ ದಳದ ಇಂಗ್ಲಿಷ್ ಹೆಸರು ಕ್ಯಾರಿಯರ್ ಕೋರ್. ನೈರೋಬಿಯಲ್ಲಿ ಅವರಿದ್ದ ಜಾಗಕ್ಕೆ ಇಂದಿಗೂ ಕರಿಯೊಕೋರ್ ಎನ್ನುತ್ತಾರೆ. ಅಲ್ಲೊಂದು ಸಂತೆಯಿದೆ. ನಾನು ಅಲ್ಲಿ ಆಯಿಗೆ ಒಂದು ಹೆಣೆದ ಚೀಲ ಕೊಂಡೆ. ಖಾಲಿ ಚೀಲ, 300 ಗ್ರಾಂ.

ಐದನೆಯ ದಿನ ಬೆಳಿಗ್ಗೆ ವಿಲ್ಸನ್ ವಿಮಾನ ನಿಲ್ದಾಣ. ಹೊರಗೆ ನಿಂತಿದ್ದ ವಿಮಾನಕ್ಕೆ ಒಂದೇ ಎಂಜಿನ್, ಹನ್ನೆರಡು ಸೀಟು. ಸೆಸ್ನಾ ಕಂಪನಿಯದು, ಮಾದರಿಯ ಹೆಸರು ಕಾರವಾನ್. ಕಮ್ಮಟದವರೆಲ್ಲ ನಕ್ಕೆವು. ಮೆತ್ತನೆಯ ಚೀಲ ಯಾಕೆ ಎಂಬುದು ಆಗ ಕಣ್ಣಿಗೇ ಕಂಡಿತು: ಹೊಟ್ಟೆಯ ಕೆಳಗೆ ದೋಣಿಯಂಥ ತೆಳು ಗೂಡು, ಅದರೊಳಗೆ ಚೀಲಗಳನ್ನು ಒತ್ತಿ ತುರುಕಬೇಕು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಓಡಬೇಕಾದ ದೂರ ಹೆಚ್ಚು. ಮಾರಾದಲ್ಲಿ ಇಳಿಯುವುದು, ಮತ್ತೆ ಏರುವುದು ಮಣ್ಣಿನ ಗಿಡ್ಡ ಪಟ್ಟಿಯ ಮೇಲೆ. ಭಾರ ಮುಂದೆಷ್ಟು, ಹಿಂದೆಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನನ್ನ ಚೀಲ, ಕೈಚೀಲ ಸೇರಿ 14.6. ಮುಂದಿದ್ದ ಗೆಳೆಯನೊಬ್ಬನದು 19. ನಾಲ್ಕು ಕಿಲೋ ಪುಸ್ತಕ ಅಲ್ಲೇ ಕಪಾಟಿನಲ್ಲಿ ಉಳಿದವು.

ತೂಗಿದವನ ಹಿಂದೆ ಇನ್ನೊಬ್ಬ ನಿಂತಿದ್ದ. ಎಲ್ಲರ ಚೀಲಗಳನ್ನು ಎರಡೆರಡಾಗಿ ಎತ್ತಿ, ಬಗ್ಗಿ, ಆ ಗೂಡಿನೊಳಗೆ ತಳ್ಳುವವನು. ನನ್ನ ಅಪ್ಪನ ವಯಸ್ಸು. ಹನ್ನೊಂದು ಜನರ ಹದಿನೈದು ಕಿಲೋ ಒಟ್ಟಿಗೆ ಎಷ್ಟು ಎಂದು ನಾನು ಲೆಕ್ಕ ಹಾಕುವ ಹೊತ್ತಿಗೆ ಅವನು ಬಾಗಿಲು ಮುಚ್ಚಿ ಮುಂದಿನ ವಿಮಾನದ ಕಡೆಗೆ ಹೋಗಿದ್ದ.

ಮಾರಾದ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ಆನೆಗಳನ್ನು ಕಂಡಾಗ ಅವುಗಳ ಬೆನ್ನು ಖಾಲಿಯಿದೆ ಎಂದು ನನಗೆ ಮೊದಲು ಹೊಳೆಯಿತು ಎಂದಷ್ಟೇ ಹೇಳುತ್ತೇನೆ. ಮೂರು ವರ್ಷ ಗಲಗಲಿಯ ಲೆಕ್ಕ ಓದಿದ್ದರ ಫಲ.

ಊರಿಗೆ ಬಂದ ದಿನ ಆಯಿ ಹೊಸ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, ಅದರಲ್ಲಿ ಎಲೆ-ಅಡಿಕೆ ಹಾಕಿಕೊಂಡಳು. ಆಮೇಲೆ ಕೇಳಿದಳು.

"ನಿನ್ನ ಚೀಲಾ ಅಲ್ಲೆ ಯಾರ ಹೊತ್ರು?"

"ವಿಮಾನದ ತನಕ ನಾನ ಹೊತ್ನಿ. ಒಳಗ ಹಾಕಾಕ ಒಬ್ಬಾಂವ ಇದ್ದ."

"ಅವಗ ಪಗಾರ ಎಷ್ಟ?"

"ಕೇಳಲಿಲ್ಲ ಆಯಿ."

ಆಯಿ ಅಡಿಕೆ ಕತ್ತರಿಸುತ್ತ ಕುಳಿತಳು.